ಪಾತ್ರೆ ಮುಂದೆ, ಜನ ಹಿಂದೆ

ಬೊಮ್ಮಯ್ಯ ಮೇಸ್ತ್ರಿ ಲಾರಿಗೆ ಜನ ಹತ್ತಿಸುವ ರೀತಿಯೇ ಬೇರೆ. ಜಾವಳಿ ಸುತ್ತಮುತ್ತಲ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳೆಲ್ಲ ಅದನ್ನು ಬಲ್ಲರು. ದೀಪಾವಳಿ ಕಳೆದು ಕಾಫಿ ಹಣ್ಣಾಗುವ ಹೊತ್ತಿಗೆ ಅವನು ಬಯಲುಸೀಮೆಯ ಹಳ್ಳಿಗಳಿಗೆ ಹೋಗಿ ಕೊಯ್ಲಿಗೆ ಜನ ಕರೆತರುತ್ತಿದ್ದ. ಊರ ಮುಂದೆ ಲಾರಿ ನಿಲ್ಲಿಸಿ ಯಾರಿಗೂ 'ಹತ್ತಿ' ಅನ್ನುತ್ತಿರಲಿಲ್ಲ. 'ಪಾತ್ರೆ ಕೊಡಿ' ಅನ್ನುತ್ತಿದ್ದ. ಅನ್ನದ ಪಾತ್ರೆ, ನೀರಿನ ಕೊಡ, ಕಂಬಳಿ ಗಂಟು, ಎಲ್ಲವನ್ನೂ ತಾನೇ ಇಸಿದುಕೊಂಡು ಲಾರಿಯ ಒಳಮೂಲೆಯಲ್ಲಿ ಒತ್ತಿಡುತ್ತಿದ್ದ. ಅಲ್ಲಿಗೆ ಮುಗಿಯಿತು. ಅತ್ತೆಗೆ ಜ್ವರ ಅನ್ನುವವಳು, ಮುಂದಿನ ವಾರ ಬರ್ತೀನಿ ಅನ್ನುವವನು, ಇನ್ನೊಬ್ಬ ಮೇಸ್ತ್ರಿಯ ದಾರಿ ನೋಡುತ್ತಿದ್ದವನು, ಎಲ್ಲರೂ ತಮ್ಮ ತಮ್ಮ ಪಾತ್ರೆಯ ಹಿಂದೆ ತಾವೇ ಹತ್ತುತ್ತಿದ್ದರು. ಪಾತ್ರೆಯೇ ಹೋದ ಮನೆಯಲ್ಲಿ ಒಲೆ ಹಚ್ಚಿ ಮಾಡುವುದಾದರೂ ಏನು?

"ಪಾತ್ರೆ ಮುಂದೆ, ಜನ ಹಿಂದೆ" ಅನ್ನುವುದು ಅವನ ಮಾತು. ಹೆಮ್ಮೆಯಿಂದಲೇ ಹೇಳುತ್ತಿದ್ದ. ಹಾಗಂತ ಬೊಮ್ಮಯ್ಯ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಕೊಡಿಸ್ತೀನಿ ಅಂದ ಕೂಲಿ ಕೊಡಿಸುತ್ತಿದ್ದ, ಕಾಯಿಲೆ ಬಿದ್ದವರನ್ನು ಮೂಡಿಗೆರೆ ಆಸ್ಪತ್ರೆಗೆ ತಾನೇ ಕರೆದೊಯ್ಯುತ್ತಿದ್ದ. ಆದರೆ ತಾನು ಹೆಣೆದ ಬಲೆಯ ಕಣ್ಣು ತನಗೇ ಕಾಣದೆ ಹೋಗುವುದುಂಟು. ಅವನ ಮನೆಯಲ್ಲಿ ಆದದ್ದೂ ಅದೇ.

ಪಂಚಮಿ ಅವನ ಒಬ್ಬಳೇ ಮಗಳು. ನಾಗರಪಂಚಮಿಯ ದಿನ ಹುಟ್ಟಿದ್ದಕ್ಕೆ ಆ ಹೆಸರು. "ಹಬ್ಬದ ಗುಣ ಎಲ್ಲಿ ಹೋಗ್ತದೆ, ಬಾಲ ಮೆಟ್ಟಿದ್ರೆ ಹೆಡೆ ಎತ್ತೇ ಎತ್ತುತ್ತೆ" ಅಂತ ತಾಯಿ ವಿಮಲಮ್ಮ ನಗುತ್ತಿದ್ದಳು. ಎಸ್ಟೇಟಿನ ಕೂಲಿಗಳ ಲೈನ್‌ಮನೆಗಳ ಪಕ್ಕದಲ್ಲಿ ಬೆಳೆದು, ಬಿಎಸ್ಸಿ ಮಾಡಿ, ಬಿಎಡ್ ಮಾಡಿ, ಎರಡು ಸಾವಿರದ ನಾಲ್ಕನೇ ಇಸವಿಯ ಹೊತ್ತಿಗೆ ಅವಳು ಮೂಡಿಗೆರೆಯ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತಿದ್ದಳು. ಅಲ್ಲಿ ಲ್ಯಾಬ್ ಅಂದರೆ ಬೀಗ ಹಾಕಿದ ಒಂದು ಕಪಾಟು. ಬೀಗದ ಕೈ ಹೆಡ್ಮಾಸ್ಟರ ಜೇಬಿನಲ್ಲಿ. ಒಂದು ಮಸೂರ ಕೇಳಿದರೆ "ಮಕ್ಕಳು ಒಡೀತಾವೆ, ಬೋರ್ಡ್ ಮೇಲೆ ಬರೆದು ತೋರಿಸಿ" ಅನ್ನುವ ಮಹಾನುಭಾವ. ಮಸೂರವನ್ನು ಬೋರ್ಡಿನ ಮೇಲೆ ಬರೆದು ಬರೆದು ಅವಳಿಗೆ ಸಾಕಾಗಿ ಹೋಗಿತ್ತು. ಹೊರದೇಶದ ಸ್ಕೂಲುಗಳಲ್ಲಿ ಒಂದೊಂದು ಮಗುವಿನ ಕೈಗೂ ಒಂದೊಂದು ಮಸೂರ ಕೊಡುತ್ತಾರೆ ಅಂತ ಎಲ್ಲೋ ಓದಿದ್ದಳು. ಅವಳಿಗೆ ಹೋಗಬೇಕಿತ್ತು. ಇದನ್ನು ಮೊದಲೇ ಹೇಳುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಊರಿನವರು ಅವಳನ್ನು ಪುಕ್ಕಲಿ ಅಂದರು. ಪುಕ್ಕಲಿಯೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ.

ಅವಳ ಹೆಸರಿಗೆ ತೋಟವಿರಲಿಲ್ಲ, ಗದ್ದೆಯಿರಲಿಲ್ಲ. ಇದ್ದ ಆಸ್ತಿಯೆಲ್ಲ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿತ್ತು. ಎಸ್ಸೆಸ್ಸೆಲ್ಸಿಯಿಂದ ಬಿಎಡ್ ತನಕದ ಮಾರ್ಕ್ಸ್ ಕಾರ್ಡುಗಳು, ಡಿಗ್ರಿ ಸರ್ಟಿಫಿಕೇಟು, ಹೊಸದಾಗಿ ಮಾಡಿಸಿದ ಪಾಸ್‌ಪೋರ್ಟು. ಆ ಕಾಗದಗಳು ಹೋದರೆ ಮೇಸ್ತ್ರಿ ಮಗಳು ಪಂಚಮಿ ಟೀಚರ್ ಮತ್ತೆ ಬರೀ ಮೇಸ್ತ್ರಿ ಮಗಳು.

ಏಜೆಂಟ್ ರಮಾಕಾಂತನ ಸುದ್ದಿ ತಂದವಳು ಹಮೀದುನ್ನೀಸಾ. ಅದೇ ಸ್ಕೂಲಿನಲ್ಲಿ ಹಿಂದಿ ಟೀಚರ್, ಪಂಚಮಿಯ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವವಳು. ಚಿಕ್ಕಮಗಳೂರಿನಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯ ಮಹಡಿ ಮೇಲೆ ಒಬ್ಬರು ಆಫೀಸ್ ತೆಗೆದಿದ್ದಾರೆ, ಗಲ್ಫ್‌ನ ಒಂದು ಸ್ಕೂಲಿಗೆ ಟೀಚರುಗಳನ್ನು ಕಳಿಸುತ್ತಾರೆ, ಮುಂಚೆ ದುಡ್ಡೂ ಕೇಳುವುದಿಲ್ಲ ಅಂದಳು. ಇಬ್ಬರೂ ಒಂದು ಶನಿವಾರ ಹೋಗಿ ಜೆರಾಕ್ಸ್ ಪ್ರತಿ ಕೊಟ್ಟು ಬಂದರು. ವಾರ ಕಳೆಯುವುದರೊಳಗೆ ರಮಾಕಾಂತನೇ ಕಾರು ಮಾಡಿಕೊಂಡು ಜಾವಳಿಗೆ ಬಂದ.

ಬಂದವನು ಕುರ್ಚಿ ಬೇಡ ಅಂದ. ಇಸ್ತ್ರಿ ಪ್ಯಾಂಟಿನಲ್ಲೇ ಜಗಲಿಯ ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬೊಮ್ಮಯ್ಯನ ತಟ್ಟೆಯಿಂದ ಎಲೆ ತೆಗೆದು, ಸುಣ್ಣ ಸವರಿ, ಬಾಯಿಗಿಟ್ಟುಕೊಂಡು, "ಬೊಮ್ಮಯ್ಯನವರೇ, ನಿಮ್ಮ ಮಗಳು ನಮ್ಮ ಜಿಲ್ಲೆಗೇ ಹೆಸರು ತರ್ತಾರೆ" ಅಂದ. ಅದುವರೆಗೆ ಬೊಮ್ಮಯ್ಯನನ್ನು ಯಾವ ಪ್ಯಾಂಟಿನವನೂ 'ಬೊಮ್ಮಯ್ಯನವರೇ' ಅಂದಿರಲಿಲ್ಲ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಮೇಸ್ತ್ರಿ ಕರಗಿ ನೀರಾದ.

ಆಫರ್ ಲೆಟರ್ ಬಂದಿತ್ತು. ಸ್ಕೂಲಿನ ಹೆಸರೇ ಎರಡು ಸಾಲು ಉದ್ದ. ವಿಳಾಸ ಮಾತ್ರ ಒಂದು ಪೋಸ್ಟ್ ಬಾಕ್ಸ್ ನಂಬರು.

"ಇಂಟರ್‌ವ್ಯೂ ಯಾವಾಗ ಸರ್?" ಅಂತ ಪಂಚಮಿ ಕೇಳಿದಳು.

"ನಿಮ್ಮ ಮಾರ್ಕ್ಸ್ ಕಾರ್ಡೇ ಇಂಟರ್‌ವ್ಯೂ ಮೇಡಂ. ಪ್ರಿನ್ಸಿಪಾಲರು ನೋಡಿದ್ದೇ ತಡ, ಓಕೆ ಅಂದ್ರು."

"ಪಾಠ ಮಾಡೋದನ್ನ ಯಾರೂ ನೋಡದೇನೇ?"

"ನಿಮ್ಮಂಥವರನ್ನ ನೋಡೋದೇನಿದೆ."

ಎಮ್ಮೆ ಕೊಳ್ಳುವವನೂ ಒಂದು ಹೊತ್ತು ಹಾಲು ಕರೆದು ನೋಡುತ್ತಾನೆ. ಮೂಡಿಗೆರೆಯ ಆ ಕಂಜೂಸ್ ಹೆಡ್ಮಾಸ್ಟರ್ ಕೂಡ ಅವಳನ್ನು ಕೆಲಸಕ್ಕೆ ತಗೊಳ್ಳುವ ಮುಂಚೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದ್ದ. ಪಂಚಮಿ ಬಿಡಲಿಲ್ಲ. ಯಾವ ಕ್ಲಾಸು, ಯಾವ ಸಿಲಬಸ್ ಅಂದಳು. "ಇಂಟರ್‌ನ್ಯಾಷನಲ್" ಅಂದ. ಸ್ಕೂಲಿನ ಫೋನ್ ನಂಬರ್ ಕೊಡಿ ಅಂದಳು. ಎಲ್ಲಾ ತನ್ನ ಮೂಲಕವೇ ಆಗಬೇಕು ಅಂದ. ಮೊದಲು ಹೋದ ಟೀಚರ್ ಯಾರಾದರೂ ಇದ್ದರೆ ಮಾತಾಡಿಸಿ ಅಂದಳು. ಅವರೆಲ್ಲ ಅಲ್ಲಿ ಬಿಜಿ ಅಂದ. ವೀಸಾ ಯಾವುದು ಅಂದಳು.

"ಈಗ ವಿಸಿಟ್ ವೀಸಾ. ಅಲ್ಲಿ ಇಳಿದ ಮೇಲೆ ಒಂದು ಸೀಲು, ಅಷ್ಟೆ. ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ ಮೇಡಂ. ಬಂದು ನೋಡಿ, ಆಮೇಲೆ ನೀವೇ ಹೇಳ್ತೀರಿ."

'ಬಂದು ನೋಡಿ' ಅನ್ನುವ ಮಾತು ಪಂಚಮಿಯ ಕಿವಿಯಲ್ಲಿ ಎಲ್ಲೋ ಚುಚ್ಚಿತು. ಮುಂಚೆ ಎಲ್ಲಿ ಕೇಳಿದ್ದು ಅಂತ ಆಗ ನೆನಪಾಗಲಿಲ್ಲ. ರಮಾಕಾಂತ ಅಷ್ಟರಲ್ಲಿ ದನಿ ತಗ್ಗಿಸಿ ಇನ್ನೊಂದು ಗುಟ್ಟು ಬಿಟ್ಟ. ಅವಳನ್ನು ಬರೀ ಟೀಚರಾಗಿ ಅಲ್ಲ, ಮ್ಯಾಥ್ಸ್ ಡಿಪಾರ್ಟ್‌ಮೆಂಟಿನ ಹೆಡ್ ಆಗಿ ತಗೊಂಡಿದ್ದಾರೆ. ಯಾರಿಗೂ ಹೇಳಬಾರದು, ಜನಕ್ಕೆ ಹೊಟ್ಟೆಕಿಚ್ಚು. ಈಗ ಆಗಬೇಕಾದ್ದು ಒಂದೇ, ಒರಿಜಿನಲ್ ಸರ್ಟಿಫಿಕೇಟು ಮತ್ತು ಪಾಸ್‌ಪೋರ್ಟು ಅಟೆಸ್ಟೇಶನ್‌ಗೆ, ಅಂದರೆ ಸರ್ಕಾರಿ ಮೊಹರು ಹಾಕಿಸೋಕೆ, ಮುಂದೆ ಹೋಗಬೇಕು. ಈ ವಾರದಲ್ಲೇ. ಆಮೇಲೆ ಅಲ್ಲಿ ರಜೆ, ಸೀಟು ಬೇರೆಯವರಿಗೆ.

"ಸ್ಕೂಲಿನವರ ಜೊತೆ ಮೊದ್ಲು ಮಾತಾಡ್ಸಿ ಸರ್. ಒರಿಜಿನಲ್ ಆಮೇಲೆ" ಅಂದಳು ಪಂಚಮಿ.

ರಮಾಕಾಂತ ನಕ್ಕ. ಬೊಮ್ಮಯ್ಯನ ಮುಖ ನೋಡಿ ನಕ್ಕ, ಅವಳ ಮುಖ ನೋಡಿ ಅಲ್ಲ. ಕಾರು ಹೋದ ಮೇಲೆ ಬೊಮ್ಮಯ್ಯ ಹಾರಾಡಿದ. "ಮನೆ ಬಾಗ್ಲಿಗೆ ಬಂದ ಲಕ್ಷ್ಮೀನ ಒದೀತೀಯಲ್ಲ ಮಗಾ. ಅಂಥ ದೊಡ್ಡ ಮನುಷ್ಯ ನಮ್ಮ ಚಾಪೆ ಮೇಲೆ ಕೂತು ಎಲೆ ಹಾಕ್ದ. ಅವನನ್ನ ಪೊಲೀಸಿನವರ ಥರ ಪ್ರಶ್ನೆ ಕೇಳ್ತೀಯ?"

"ಕೆಲಸ ಮಾಡೋಳು ನಾನು. ಕೇಳೋಳೂ ನಾನೇ" ಅಂದಳು ಪಂಚಮಿ.

ಹಮೀದುನ್ನೀಸಾ ಮಾತ್ರ ಅಷ್ಟರಲ್ಲೇ ತನ್ನ ಒರಿಜಿನಲ್ಲುಗಳನ್ನು ಕೊಟ್ಟುಬಿಟ್ಟಿದ್ದಳು. ಪಂಚಮಿಯ ಪ್ರಶ್ನೆಗಳು ಕಿವಿಗೆ ಬಿದ್ದದ್ದೇ ಅವಳು ಅಣ್ಣನ ಫೋನ್ ನಂಬರು ಹುಡುಕಿ ತೆಗೆದಳು. ಅವಳ ಅಣ್ಣ ಹಸೀಬ್ ಗಲ್ಫ್‌ನಲ್ಲೇ ಮೆಕ್ಯಾನಿಕ್. ಇಬ್ಬರೂ ಮಧ್ಯಾಹ್ನದ ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಹೋಗಿ ಅವನಿಗೆ ಫೋನು ಮಾಡಿದರು. ಆ ಹೆಸರಿನ ಸ್ಕೂಲನ್ನು ತಾನು ಕಂಡಿಲ್ಲ, ಕೇಳಿಲ್ಲ, ಇಲ್ಲಿಯ ಸ್ನೇಹಿತರನ್ನು ವಿಚಾರಿಸುತ್ತೇನೆ ಅಂದ ಹಸೀಬ್. ಆಮೇಲೆ ಅಂದ, "ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡಿ ಸಿಕ್ಕಿಬಿದ್ರೆ ಒಳಗೆ ಹೋಗೋದು ನೀವು, ಏಜೆಂಟ್ ಅಲ್ಲ. ಒಂದು ಮಾತು ನೆನಪಿಟ್ಕೊಳಿ. ಇಲ್ಲಿ ನಿಮ್ಮ ಪಾಸ್‌ಪೋರ್ಟ್ ಯಾರ ಡ್ರಾಯರಲ್ಲಿ ಇರುತ್ತೋ ಅವನು ಹೇಳಿದ ಕಡೆ ನೀವು ಇರಬೇಕು. ಪಾಠ ಅಂತ ಕರೆಸಿ ಮನೆಗೆಲಸಕ್ಕೆ ಹಚ್ಚಿದ್ರೂ ಕೇಳೋರಿಲ್ಲ."

ಬೂತಿನಿಂದ ಹೊರಗೆ ಬಂದ ಹಮೀದುನ್ನೀಸಾಳ ಮುಖದಲ್ಲಿ ರಕ್ತವೇ ಇರಲಿಲ್ಲ. "ನಿಂದು ನಿನ್ನ ಹತ್ರ ಇದೆ, ಪುಣ್ಯವಂತೆ" ಅಂದಳು.

ಪುಣ್ಯವಂತೆ ಸಂಜೆ ಬಸ್ಸಿಳಿದು ಮನೆಗೆ ಬಂದರೆ ಟ್ರಂಕು ಮಂಚದ ಮೇಲಿತ್ತು. ಬಾಯಿ ತೆರೆದುಕೊಂಡಿತ್ತು. ಸೀರೆಗಳು ಒಂದು ಕಡೆ, ಹಳೆಯ ಪುಸ್ತಕ ಒಂದು ಕಡೆ. ಕಾಗದದ ಫೈಲು ಇರಲಿಲ್ಲ.

ಬೊಮ್ಮಯ್ಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಮುಖದ ತುಂಬ ನಗು. "ಕಳಿಸ್ಬಿಟ್ಟೆ ಮಗಾ" ಅಂದ. "ರಮಾಕಾಂತಯ್ಯನ ಜನ ಮಧ್ಯಾಹ್ನ ಬಂದಿದ್ರು. ಫೈಲು, ಪಾಸ್‌ಪೋರ್ಟು, ಎಲ್ಲ ಕೊಟ್ಟೆ. ಸಾಮಾನು ಮುಂದೆ ಹೋಯ್ತು ಅಂದ್ಮೇಲೆ ಕೆಲಸ ಪಕ್ಕಾ. ನೀನು ಇನ್ನು ಹಿಂದಿಂದ ಹೋಗೋದು ಅಷ್ಟೆ."

ಅವನಿಗೆ ಅದು ನಿಜವಾದ ಸಂತೋಷ. ಅಲ್ಲೇ ಇರುವುದು ವಿಷಯ. ಬೇರೆ ಯಾವ ಅಪ್ಪನಾದರೂ ಒರಿಜಿನಲ್ ಕೊಡಲು ಹಿಂದೆ ಮುಂದೆ ನೋಡುತ್ತಿದ್ದನೇನೋ. ಮೂವತ್ತು ವರ್ಷ ಲಾರಿ ತುಂಬಿಸಿದ ಮೇಸ್ತ್ರಿಗೆ ಸಾಮಾನು ಮುಂದೆ ಒಯ್ಯುವವನೇ ನಂಬಿಕಸ್ಥ, ಖಾಲಿ ಕೈಯಲ್ಲಿ ಬಂದು ಖಾಲಿ ಕೈಯಲ್ಲಿ ಹೋಗುವವನೇ ಮೋಸಗಾರ.

ಪಂಚಮಿಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಅವಳಿಗೆ ಅತ್ತುಬಿಡಬೇಕು ಅನಿಸಿತು, ಅದಕ್ಕೇ ಅಳಲಿಲ್ಲ. ಆ ಸಿಟ್ಟಿನ ನಡುವೆ 'ಬಂದು ನೋಡಿ' ಅನ್ನುವ ಮಾತು ಎಲ್ಲಿ ಕೇಳಿದ್ದು ಅನ್ನುವುದೂ ಥಟ್ಟನೆ ನೆನಪಾಯಿತು.

"ಅಪ್ಪಾ, ಸರೋಜಮ್ಮ ನೆನಪಿದಾಳಾ ನಿಂಗೆ?"

"ಯಾವ ಸರೋಜಮ್ಮ?"

"ಬಯಲುಸೀಮೆಯವಳು. ಲಾರಿಯಿಂದ ಪಾತ್ರೆ ಇಳಿಸ್ಕೊಂಡವಳು."

ಬೊಮ್ಮಯ್ಯನ ಲೋಟ ಕೆಳಗಿಳಿಯಿತು. ಹೇಗೆ ಮರೆಯುತ್ತಾನೆ? ಪಂಚಮಿ ಆಗ ಪ್ರೈಮರಿ ಸ್ಕೂಲಿನ ಹುಡುಗಿ, ಹಟ ಮಾಡಿ ಅಪ್ಪನ ಜೊತೆ ಲಾರಿಯಲ್ಲಿ ಹೋಗಿದ್ದಳು. ಪಾತ್ರೆಗಳೆಲ್ಲ ಒಳಗೆ ಹೋಗಿದ್ದವು. ಒಬ್ಬಳು ಹೆಂಗಸು ಮಾತ್ರ ಲಾರಿಯ ಕೆಳಗೆ ನಿಂತು, "ಮೇಸ್ತ್ರಿ, ಲೈನ್‌ಮನೆ ಹತ್ರ ನೀರು ಎಲ್ಲೈತೆ?" ಅಂತ ಕೇಳಿದಳು. "ಬಂದು ನೋಡು" ಅಂದ ಬೊಮ್ಮಯ್ಯ. ಅವಳು ಮತ್ತೆ ಕೇಳಿದಳು. ಇವನು ಮತ್ತೆ ಬಂದು ನೋಡು ಅಂದ. ಅವಳು ಸೀರೆ ಎತ್ತಿ ಕಟ್ಟಿ, ಚಕ್ರದ ಮೇಲೆ ಕಾಲಿಟ್ಟು ಲಾರಿ ಹತ್ತಿ, ನಾಲ್ಕು ಜನರ ಗಂಟು ಸರಿಸಿ, ತನ್ನ ಪಾತ್ರೆ ಎಳೆದುಕೊಂಡು ಕೆಳಗೆ ಧುಮುಕಿದಳು. "ನೀರು ಎಲ್ಲೈತೆ ಅಂತ ಬಾಯಿಬಿಟ್ಟು ಹೇಳೋತನಕ ನನ್ನ ಪಾತ್ರೆ ನನ್ನ ಸೊಂಟದ ಮೇಲಿರ್ತದೆ" ಅಂದಳು. ಬೊಮ್ಮಯ್ಯ ಅವಳಿಗೆ ಬಾಯಿಗೆ ಬಂದಂತೆ ಬೈದ. ಲಾರಿಯಲ್ಲಿದ್ದವರು ನಕ್ಕರು. ಲಾರಿ ಅವಳನ್ನು ಬಿಟ್ಟೇ ಬಂತು. ಆ ವರ್ಷ ನಕ್ಕವರೆಲ್ಲ ಗುಡ್ಡ ಇಳಿದು ಹಳ್ಳದಿಂದ ನೀರು ಹೊತ್ತರು, ಕೊಯ್ಲು ಮುಗಿಯುವ ತನಕ. ಮಾರನೇ ವರ್ಷ ಬೊಮ್ಮಯ್ಯ ಸರೋಜಮ್ಮನ ಮುಂದೆ ನಿಂತು, ನೀರು ಎಲ್ಲಿದೆ, ಎಷ್ಟು ದೂರ ಅಂತ ಹೇಳಲೇಬೇಕಾಯಿತು. ಅವಳು ಬಂದಳು, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಳು.

"ಪಾತ್ರೆ ಯಾಕೆ ಮೊದ್ಲು ಹತ್ತಿಸ್ತಿದ್ದೆ ಅಪ್ಪಾ? ನೀರು ಹತ್ತಿರ ಇದ್ದಿದ್ರೆ ಹತ್ತಿಸ್ತಿದ್ಯಾ?" ಅಂತ ಕೇಳಿದಳು ಪಂಚಮಿ. "ಹೇಳಿದ್ರೆ ಜನ ಬರಲ್ಲ ಅಂತ ತಾನೇ? ನನ್ನ ಫೈಲೂ ಪಾತ್ರೆನೇ. ನನ್ನ ಕೈಲಿದ್ರೆ ನಾನು ಪ್ರಶ್ನೆ ಕೇಳ್ತೀನಿ, ಅವನ ಕೈಲಿದ್ರೆ ಅವನ ಹಿಂದೆ ಹೋಗ್ತೀನಿ. ಅವನು ನಿನ್ನ ಮಾತನ್ನೇ ಆಡ್ದ, ನಿಂಗೆ ಕೇಳಿಸ್ಲಿಲ್ಲ. ಬೊಮ್ಮಯ್ಯನವರೇ ಅಂದಿದ್ದು ಮಾತ್ರ ಕೇಳಿಸ್ತು."

ಒಳಗಿನಿಂದ ವಿಮಲಮ್ಮ ಬಂದು ಬಾಗಿಲಲ್ಲಿ ನಿಂತಳು. "ಸಾಕು ಮಾರಾಯ್ತಿ, ಅಪ್ಪನ ಮುಖ ನೋಡು" ಅಂದಳು.

"ನೋಡಿದೀನಮ್ಮ. ನಾಳೆ ಆ ರಮಾಕಾಂತನ ಮುಖ ನೋಡ್ತೀನಿ."

ಬೊಮ್ಮಯ್ಯ ಎಲೆಯಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡ, ಎಲೆ ಮುಟ್ಟಲಿಲ್ಲ.

ಬೆಳಗಿನ ಬಸ್ಸಿಗೆ ಪಂಚಮಿ ಹೊರಟಾಗ ಅವನೂ ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. ಅವಳು ಕರೆದಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮೂಡಿಗೆರೆಯಲ್ಲಿ ಹಮೀದುನ್ನೀಸಾ ಹತ್ತಿದಳು. ಸ್ಕೂಲಿಗೆ ರಜೆ ಚೀಟಿಯನ್ನೂ ಕಳಿಸದೆ ಬಂದಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅಂತಾರಲ್ಲ. ಕೊಡ್ತಾನಾ ಪಂಚಮಿ?" ಅಂದಳು.

"ಕೊಡ್ದೆ ಏನು ಮಾಡ್ತಾನೆ? ಅವನಪ್ಪನ ಮಾರ್ಕ್ಸ್ ಕಾರ್ಡಾ?"

ಬೇಕರಿಯ ಪಕ್ಕದ ಮೆಟ್ಟಿಲು ಹತ್ತಿ ಹೋದರೆ ಆಫೀಸಿನ ಬೆಂಚಿನ ತುಂಬ ಜನ. ಎಲ್ಲ ಟೀಚರುಗಳೇ. ಎಣ್ಣೆ ಹಾಕಿ ಬಾಚಿದ ತಲೆ, ಮಡಿಲಲ್ಲಿ ಕೈಚೀಲ, ಇಂಟರ್‌ವ್ಯೂಗೆ ಬಂದವರಂತೆ ಗಂಭೀರ ಮುಖ. ರಮಾಕಾಂತ ಮೇಜಿನ ಹಿಂದಿದ್ದ. ಅವನ ಬೆನ್ನ ಹಿಂದೆ ಒಂದು ಕಬ್ಬಿಣದ ಬೀರು.

"ನಮ್ಮ ಒರಿಜಿನಲ್ಸ್ ವಾಪಸ್ ಬೇಕು ಸರ್. ನಂದು ಮತ್ತೆ ಇವರದ್ದು" ಅಂದಳು ಪಂಚಮಿ.

"ಅಯ್ಯೋ ಮೇಡಂ, ಅವು ಆಗ್ಲೇ ಬೆಂಗಳೂರಿಗೆ ಹೋದ್ವಲ್ಲ."

"ಹೋಗಿದ್ರೆ ರಸೀದಿ ಇರುತ್ತೆ. ಕೊಡಿ."

ರಮಾಕಾಂತನ ಕಣ್ಣು ಒಂದು ಕ್ಷಣ ಬೀರುವಿನ ಕಡೆ ಹೋಗಿ ಬಂತು. ಉತ್ತರ ಗೊತ್ತಿಲ್ಲದ ಹುಡುಗ ಪಕ್ಕದವನ ಪುಸ್ತಕದ ಕಡೆ ನೋಡುವ ನೋಟ. ಅದನ್ನು ಹಿಡಿಯದಿದ್ದರೆ ಅವಳು ಟೀಚರ್ ಆಗಿ ಏನು ಪ್ರಯೋಜನ? ಅವಳು ಕುರ್ಚಿ ಎಳೆದುಕೊಂಡು ಮೇಜಿನ ಎದುರೇ ಕೂತಳು.

ರಮಾಕಾಂತ ಮೊದಲು ಬೆಣ್ಣೆ ಹಚ್ಚಿದ. ಇಂಥ ಅವಕಾಶ ಜನ್ಮದಲ್ಲಿ ಒಂದು ಸಲ ಅಂದ. ಬೆಣ್ಣೆ ಕರಗದಿದ್ದಾಗ ಮೆಣಸಿನಕಾಯಿ ಹಚ್ಚಿದ. ಹೀಗೆ ನಡುವೆ ಬಿಟ್ಟರೆ ಹೆಸರು ಬ್ಲ್ಯಾಕ್‌ಲಿಸ್ಟ್ ಆಗುತ್ತದೆ, ಮುಂದೆ ಯಾವ ದೇಶದವರೂ ಮೂಸಿ ನೋಡುವುದಿಲ್ಲ ಅಂದ.

"ಹಾಕಿ. ಹೆಸರು ಸರಿಯಾಗಿ ಬರ್ಕೊಳಿ, ಪಂಚಮಿ ಬೊಮ್ಮಯ್ಯ, ಜಾವಳಿ. ಬ್ಲ್ಯಾಕ್‌ಲಿಸ್ಟ್ ಮಾಡೋಕೆ ಸ್ಕೂಲಿಗೆ ಫೋನ್ ಮಾಡ್ಬೇಕಲ್ಲ, ಈಗ್ಲೇ ಮಾಡಿ. ನಾನೂ ಮಾತಾಡ್ತೀನಿ."

ರಮಾಕಾಂತ ಫೋನು ಮುಟ್ಟಲಿಲ್ಲ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಚಮಿ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡಳು. ತುದಿಯಲ್ಲಿ ಕೂತಿದ್ದವನು ಸಂಸೆಯಿಂದ ಬಂದಿದ್ದ ಕಾರ್ತಿಕ್ ಅನ್ನುವ ಮೇಷ್ಟ್ರು.

"ನಿಮ್ಮದು ಯಾವ ಸಬ್ಜೆಕ್ಟ್ ಸರ್?"

"ಮ್ಯಾಥ್ಸ್."

"ಏನಾಗಿ ಹೋಗ್ತಿದೀರಿ?"

ಕಾರ್ತಿಕ್ ರಮಾಕಾಂತನ ಮುಖ ನೋಡಿದ. "ಅದು... ಹೇಳ್ಬಾರ್ದು ಅಂದಿದಾರೆ."

"ಡಿಪಾರ್ಟ್‌ಮೆಂಟಿಗೆ ಹೆಡ್ಡಾ?"

ಅವನ ಮುಖ ಕೆಂಪಗಾಯಿತು. ಪಕ್ಕದಲ್ಲಿ ಕೂತಿದ್ದ ಗೋಣಿಬೀಡಿನ ಗಾನಶ್ರೀ ಎಂಬ ಟೀಚರ್ ಮೆಲ್ಲಗೆ, "ನನಗೂ ಅದನ್ನೇ ಹೇಳಿದ್ದು. ನಂದೂ ಮ್ಯಾಥ್ಸೇ" ಅಂದಳು. ಅವಳ ಆಚೆ ಕಳಸದ ತಿಮ್ಮಪ್ಪ ಮೇಷ್ಟ್ರು, ಆಗಲೇ ರಿಟೈರಾದವರು, ಗಂಟಲು ಸರಿಮಾಡಿಕೊಂಡು, "ನನ್ನನ್ನೂ ಅದಕ್ಕೇ ಅಂದ್ರು. ಈ ವಯಸ್ಸಲ್ಲಿ ಹೆಡ್ ಅಂದ್ರಲ್ಲ ಅಂತ ಹೆಂಡ್ತಿಗೂ ಹೇಳಿರ್ಲಿಲ್ಲ" ಅಂದರು.

"ಒಂದೇ ಸ್ಕೂಲು, ಒಂದೇ ಡಿಪಾರ್ಟ್‌ಮೆಂಟು, ನಾಲ್ಕು ಹೆಡ್ಡು" ಅಂದಳು ಪಂಚಮಿ. "ಎಲ್ಲರೂ ಹೆಡ್ಡಾದ್ರೆ ಪಾಠ ಮಾಡೋರು ಯಾರು ಸರ್? ನಿಮ್ಮಲ್ಲಿ ಯಾರಿಗಾದ್ರೂ ಇಂಟರ್‌ವ್ಯೂ ಆಯ್ತಾ? ಸ್ಕೂಲಿನವರ ದನಿ ಯಾರಾದ್ರೂ ಕೇಳಿದೀರಾ? ಯಾವ ಕ್ಲಾಸಿಗೆ ಅಂತ ಗೊತ್ತಾ?"

ಎಲ್ಲರೂ ತಲೆ ತಗ್ಗಿಸಿ ತಮ್ಮ ಕೈಚೀಲ ನೋಡಿಕೊಂಡರು. ಕ್ಲಾಸಿನಲ್ಲಿ ಹೋಂವರ್ಕ್ ಮಾಡದವರ ಲಕ್ಷಣ ಅದು, ಅವಳಿಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಪ್ರಶ್ನೆ ಕೇಳಿ ಬದುಕುವವರು, ತಮ್ಮ ವಿಷಯಕ್ಕೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ರಮಾಕಾಂತ ಎದ್ದು ನಿಂತ. ಬಾಗಿಲಲ್ಲಿ ನಿಂತಿದ್ದ ಬೊಮ್ಮಯ್ಯ ಅವನ ಕಣ್ಣಿಗೆ ಬಿದ್ದ. "ಬೊಮ್ಮಯ್ಯನವರೇ, ನೀವು ಅನುಭವಸ್ಥರು. ನೀವಾದ್ರೂ ಮಗಳಿಗೆ ಬುದ್ಧಿ ಹೇಳಿ" ಅಂದ.

ಬೊಮ್ಮಯ್ಯ ಒಳಗೆ ಬರಲಿಲ್ಲ. ಬಾಗಿಲಿನ ಎರಡೂ ಕಡೆ ಕೈ ಕೊಟ್ಟು, ಲಾರಿಯ ಹಿಂಬಾಗಿಲಿಗೆ ನಿಲ್ಲುವ ಹಾಗೆ ಅಡ್ಡ ನಿಂತ.

"ಅನುಭವ ಇದೆ ಮಾರಾಯ. ನಾನೂ ಜನ ಒಯ್ದವನೇ, ಪಾತ್ರೆ ಮುಂದೆ ಹಾಕ್ಕೊಂಡೇ ಒಯ್ದವನು. ಆದ್ರೆ ನನ್ನ ಲಾರಿ ಹೋಗೋ ಕಡೆ ತೋಟ ಅಂತ ಒಂದು ಇತ್ತು. ನಿನ್ನ ಲಾರಿ ಹೋಗೋ ಕಡೆ ಏನಿದೆ, ಅದನ್ನ ಹೇಳು. ನನ್ನ ಮಗಳು ಕೇಳ್ತಿದಾಳೆ."

'ರಮಾಕಾಂತಯ್ಯ' ಹೋಗಿ 'ಮಾರಾಯ' ಬಂದಿದ್ದನ್ನು ಪಂಚಮಿ ಗಮನಿಸಿದಳು. ತಿರುಗಿ ನೋಡಲಿಲ್ಲ.

"ಬೀರು ತೆಗೀರಿ" ಅಂದಳು. "ಇಲ್ಲಾಂದ್ರೆ ಇಷ್ಟು ಜನ ಇದೀವಿ, ಬೀರುವನ್ನೇ ಹೊತ್ಕೊಂಡು ಪೊಲೀಸ್ ಸ್ಟೇಷನ್‌ಗೆ ಹೋಗ್ತೀವಿ. ಬೀಗ ಅಲ್ಲೇ ತೆಗೀರಿ."

ತಿಮ್ಮಪ್ಪ ಮೇಷ್ಟ್ರು ನಿಜಕ್ಕೂ ಎದ್ದು ಪಂಚೆ ಎತ್ತಿ ಕಟ್ಟಿದರು. ರಿಟೈರಾದವರಿಗೆ ಹೆದರಿಕೆ ಕಡಿಮೆ. ರಮಾಕಾಂತ ಅವರನ್ನು ನೋಡಿದ, ಬಾಗಿಲು ನೋಡಿದ, ಬೇಕರಿಯಿಂದ ಗಲಾಟೆ ಕೇಳಿ ಮೆಟ್ಟಿಲು ಹತ್ತಿ ಬಂದವರನ್ನು ನೋಡಿದ. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದ. ಬೆಂಗಳೂರಿಗೆ ಹೋಗಿದ್ದ ಕಾಗದಗಳೆಲ್ಲ ಬೀರುವಿನ ನಡು ಅರೆಯಲ್ಲಿ ಸುಖವಾಗಿ ಮಲಗಿದ್ದವು, ಕಂದು ಕವರುಗಳಲ್ಲಿ, ಒಂದರ ಮೇಲೊಂದು.

ಪಂಚಮಿ ಇಡೀ ಕಟ್ಟನ್ನು ಎತ್ತಿ ಮೇಜಿನ ಮೇಲಿಟ್ಟಳು. ಮೊದಲು ತನ್ನದನ್ನು ಹುಡುಕಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕವರಿನ ಮೇಲಿನ ಹೆಸರು ಓದಿ ಹಾಜರಿ ಕರೆದಳು. ಹಮೀದುನ್ನೀಸಾ ಓಡಿಬಂದು ತಗೊಂಡು ಎದೆಗೆ ಒತ್ತಿಕೊಂಡಳು. ಗಾನಶ್ರೀ ಬಂದಳು. ತಿಮ್ಮಪ್ಪ ಮೇಷ್ಟ್ರು ಅಭ್ಯಾಸಬಲದಿಂದ "ಪ್ರೆಸೆಂಟ್" ಅಂದೇಬಿಟ್ಟರು, ಅಂಥ ಹೊತ್ತಿನಲ್ಲೂ ಎರಡು ಜನ ನಕ್ಕರು.

ಕಾರ್ತಿಕ್ ಮಾತ್ರ ಏಳಲಿಲ್ಲ. "ನಂಗೆ ಹೋಗ್ಲೇಬೇಕು ಮೇಡಂ. ಅಲ್ಲೇ ಇರ್ಲಿ" ಅಂದ. ಅವನ ದನಿಯಲ್ಲಿ ಹಟಕ್ಕಿಂತ ದಣಿವೇ ಹೆಚ್ಚಿತ್ತು. ಪಂಚಮಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತನಗೂ ಹೋಗಲೇಬೇಕಿತ್ತಲ್ಲ. ಎದ್ದುಹೋಗಿ ಕವರನ್ನು ಅವನ ಕೈಯಲ್ಲೇ ಇಟ್ಟಳು. "ಹೋಗಿ, ಯಾರು ಬೇಡ ಅಂದ್ರು? ಕೈಲಿಟ್ಕೊಂಡು ಒಂದು ದಿನ ಯೋಚನೆ ಮಾಡಿ. ಆಮೇಲೂ ಬೇಕು ಅನ್ಸಿದ್ರೆ ನೀವೇ ತಂದುಕೊಡಿ, ಕೇಳೋದು ಕೇಳಿ ಕೊಡಿ" ಅಂದಳು. ಅವನು ಆಮೇಲೆ ಏನು ಮಾಡಿದ ಅಂತ ಅವಳಿಗೆ ತಿಳಿಯಲಿಲ್ಲ. ಹದಿನೈದು ದಿನದಲ್ಲಿ ಆ ಮಹಡಿಯ ಬೋರ್ಡೇ ಇರಲಿಲ್ಲ, ಬಾಗಿಲಿಗೆ ಬೀಗ ಬಿದ್ದಿತ್ತು. ಹಸೀಬನೂ ಫೋನು ಮಾಡಿ, ಆ ಹೆಸರಿನ ಸ್ಕೂಲು ಅಲ್ಲಿ ಎಲ್ಲೂ ಇಲ್ಲ ಅಂದ.

ಊರಿನವರ ಬಾಯಿ ಮುಚ್ಚಿಸುವವರು ಯಾರು? ಬಂದ ಅವಕಾಶಕ್ಕೆ ಕಲ್ಲು ಹಾಕಿಕೊಂಡಳು, ಹೆದರಿ ಬಿಟ್ಟಳು ಅಂದರು. ಹೆಡ್ಮಾಸ್ಟರ್ ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು, "ಏನು ಮೇಡಂ, ಫಾರಿನ್ ಇಷ್ಟು ಬೇಗ ನೋಡ್ಕೊಂಡು ಬಂದ್ರಾ?" ಅಂದ.

"ಇಲ್ಲ ಸರ್, ಇನ್ನೂ ಹೋಗೋದಿದೆ. ಹೋಗೋ ಮುಂಚೆ ಆ ಕಪಾಟಿನ ಬೀಗದ ಕೈ ಕೊಡಿ, ಮಸೂರ ಹೇಗಿರುತ್ತೆ ಅಂತ ಮಕ್ಕಳಿಗೆ ತೋರಿಸ್ಬೇಕು" ಅಂದಳು. ಅವನು ಕೊಡಲಿಲ್ಲ. ಅವಳು ಪೇಟೆಯ ಕನ್ನಡಕದ ಅಂಗಡಿಗೆ ಹೋಗಿ ಬೇಡವಾದ ಗಾಜುಗಳನ್ನು ಕೇಳಿ ತಂದು ಮಕ್ಕಳ ಕೈಗೆ ಕೊಟ್ಟಳು. ಬಿಸಿಲಿಗೆ ಹಿಡಿದು ಕಾಗದ ಸುಟ್ಟು ನೋಡಿದ ಮಕ್ಕಳ ಗಲಾಟೆ ಹೆಡ್ಮಾಸ್ಟರ ರೂಮಿನ ತನಕ ಕೇಳಿಸಿತು.

ಆ ವರ್ಷ ದೀಪಾವಳಿ ಕಳೆದು ಬೊಮ್ಮಯ್ಯ ಬಯಲುಸೀಮೆಗೆ ಹೋದವನು, ಲಾರಿ ಅರ್ಧ ಖಾಲಿ ತಂದ. ರೈಟರ್ ಬೈದ. "ಪಾತ್ರೆ ಹತ್ತಿಸ್ಲಿಲ್ವೇನೋ?" ಅಂತ ಕೇಳಿದ. "ಮೊದ್ಲು ಎಲ್ಲ ಹೇಳ್ದೆ. ಬರೋರು ಬಂದ್ರು" ಅಂದ ಬೊಮ್ಮಯ್ಯ. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದ, ಮಗಳಿಗೆ ಹೇಳಲಿಲ್ಲ. ಅವಳು ಒಳಗಿನಿಂದ ಕೇಳಿಸಿಕೊಂಡಳು.

ಪಂಚಮಿ ಅರ್ಜಿ ಹಾಕುವುದನ್ನು ನಿಲ್ಲಿಸಲಿಲ್ಲ. ಮೂಡಿಗೆರೆಯ ಸೈಬರ್ ಕೆಫೆಯಲ್ಲಿ ಕೂತು ಸ್ಕೂಲುಗಳಿಗೆ ನೇರ ಬರೆದಳು. ಬಂದ ಉತ್ತರಗಳ ವಿಳಾಸಗಳನ್ನು ಹಸೀಬ್ ಒಂದೊಂದಾಗಿ ವಿಚಾರಿಸಿ ಹೇಳಿದ. ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬಂತು. ಕಡೆಗೆ ಗಲ್ಫ್‌ನ ಒಂದು ಸ್ಕೂಲಿನ ಪ್ರಿನ್ಸಿಪಾಲರು, ಕನ್ನಡದವರೇ, ಇಂತಿಂಥ ದಿನ ಫೋನಿನಲ್ಲಿ ಇಂಟರ್‌ವ್ಯೂ ಅಂತ ಬರೆದರು. ಪಂಚಮಿ ಎಸ್‌ಟಿಡಿ ಬೂತಿನ ನಂಬರು ಕೊಟ್ಟಳು. ಆ ದಿನ ಬೊಮ್ಮಯ್ಯ ಬೂತಿನ ಹೊರಗೆ ನಿಂತು, ಫೋನು ಮಾಡಲು ಬಂದವರನ್ನೆಲ್ಲ "ಒಳಗೆ ಇಂಟರ್‌ವ್ಯೂ ನಡೀತಿದೆ" ಅಂತ ಆಚೆಗೆ ಅಟ್ಟಿದ.

ಪ್ರಿನ್ಸಿಪಾಲಮ್ಮ ಜೀವ ಹಿಂಡಿದರು. ಭಿನ್ನರಾಶಿಯನ್ನು ಕಣ್ಣು ಕಾಣದ ಮಗುವಿಗೆ ಹೇಗೆ ಕಲಿಸುತ್ತೀರಿ, ಈಗ ನನಗೇ ಕಲಿಸಿ ಅಂದರು. ಪಂಚಮಿ ರಿಸೀವರ್ ಹಿಡಿದುಕೊಂಡು ಕಡುಬು ಹಂಚುವ ಲೆಕ್ಕದಲ್ಲಿ ಕಲಿಸಿದಳು. ತಪ್ಪು ಹಿಡಿದರು, ಮತ್ತೆ ಕೇಳಿದರು. ಅವಳಿಗೆ ಬೆವರು ಇಳಿಯುತ್ತಿತ್ತು, ಆದರೆ ಒಳಗೊಳಗೇ ಖುಷಿ. ಯಾರೋ ಒಬ್ಬರು ಹಾಲು ಕರೆದು ನೋಡುತ್ತಿದ್ದಾರೆ.

ಕೊನೆಗೆ ಆ ಕಡೆಯಿಂದ, ನೀವು ಕೇಳುವುದು ಏನಾದರೂ ಇದೆಯೇ ಅನ್ನುವ ಮಾತು ಬಂತು. ಪಂಚಮಿ ಎಲ್ಲ ಕೇಳಿದಳು. ಯಾವ ವೀಸಾ, ಯಾವ ಕ್ಲಾಸು, ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ, ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ. ಎಲ್ಲಕ್ಕೂ ಉತ್ತರ ಬಂತು. ಆಮೇಲೆ ಗಾಜಿನಾಚೆ ನಿಂತಿದ್ದ ಅಪ್ಪನ ಬೆನ್ನು ನೋಡುತ್ತ ಇನ್ನೊಂದು ಕೇಳಿದಳು.

"ಮೇಡಂ, ಟೀಚರುಗಳು ಇರೋ ಮನೆ ಹತ್ರ ನೀರು ಎಲ್ಲಿದೆ?"

ಪ್ರಿನ್ಸಿಪಾಲಮ್ಮ ನಕ್ಕರು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ ಅಂದರು. ನಕ್ಕು, ಆಮೇಲೆ ವಿವರವಾಗಿ ಹೇಳಿದರು, ಕೆಲಸದ ಆರ್ಡರ್ ಕಳಿಸುತ್ತೇನೆ ಅಂದರು.

ಬೂತಿನ ಬಾಗಿಲು ತೆಗೆದು ಬಂದಾಗ ಬೊಮ್ಮಯ್ಯ ಕೆಲಸ ಆಯಿತಾ ಅಂತ ಕೇಳಲಿಲ್ಲ. ಅವನಿಗೆ ಬಾಗಿಲಾಚೆಯಿಂದ ಆ ಒಂದು ಮಾತು ಕೇಳಿಸಿತ್ತು.

"ಎಲ್ಲಿದೆಯಂತೆ ನೀರು?" ಅಂದ.

"ಮನೆ ಒಳಗೇ ನಲ್ಲಿಯಂತೆ. ಕುಡಿಯೋಕೆ ಬೇರೆ ತಂದುಕೊಡ್ತಾರಂತೆ."

"ಹಾಗಾದ್ರೆ ಪಾತ್ರೆ ಕಟ್ಟು ಮಗಾ" ಅಂದ.

"ಕಟ್ತೀನಿ ಅಪ್ಪಾ" ಅಂದಳು ಪಂಚಮಿ. "ಹೊರೋಳೂ ನಾನೇ."